ಲಕ್ವಾ ಹೊಡೆದವರಿಗೆ ಹೆಪ್ಪು ತೆಗೆದ ಮೇಲೆ ಮಿದುಳಿನಲ್ಲಿ ರಕ್ತಸ್ರಾವ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

"ರಕ್ತಸ್ರಾವ ಆಗಬಹುದು ಅಂತ ಬರದು ಸಹಿ ಕೇಳಾಕತ್ತಾರ. ಬ್ಯಾಡ ಅನ್ನೋದು ಛಲೋ ಏನ್ರಿ?"

ಐಸಿಯು ಬಾಗಿಲಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಇದೇ, ಆದ್ದರಿಂದ ಇಲ್ಲಿಂದಲೇ ಶುರು ಮಾಡೋಣ. ಮಿದುಳಿನ ದೊಡ್ಡ ರಕ್ತನಾಳ ಮುಚ್ಚಿಕೊಂಡ ರೋಗಿಗಳ ಮೇಲೆ ನಡೆದ ಐದು ಅಧ್ಯಯನಗಳ ಲೆಕ್ಕವನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದರು. ಒಟ್ಟು 1,287 ರೋಗಿಗಳು. ಹೆಪ್ಪು ಎಳೆದು ತೆಗೆದವರಲ್ಲಿ ಸ್ಥಿತಿ ಕೆಡಿಸುವಂಥ ರಕ್ತಸ್ರಾವ ಆದದ್ದು ಶೇ. 4.4 ಮಂದಿಗೆ. ತೆಗೆಯದೆ ಔಷಧಿಯಲ್ಲೇ ನೋಡಿಕೊಂಡವರಲ್ಲಿ ಶೇ. 4.3 ಮಂದಿಗೆ. ಹೆಚ್ಚುಕಡಿಮೆ ಒಂದೇ. ಆದರೆ ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ಮೊದಲ ಗುಂಪಿನಲ್ಲಿ ಶೇ. 46, ಎರಡನೆಯದರಲ್ಲಿ ಶೇ. 26.5.

ಹಾಗಾಗಿ ರಕ್ತಸ್ರಾವದ ಭಯ ಒಂದನ್ನೇ ಮುಂದಿಟ್ಟುಕೊಂಡು ಬೇಡ ಎನ್ನುವುದು ಲೆಕ್ಕ ತಪ್ಪಿದ ನಿರ್ಧಾರ. ಸೋರುವ ಅಪಾಯದ ಬಹುಪಾಲು ಹುಟ್ಟುವುದು ಹೆಪ್ಪು ತೆಗೆಯಲು ನಾಳದೊಳಗೆ ಬಿಡುವ ತಂತಿಯಿಂದಲ್ಲ, ಅಷ್ಟರೊಳಗೆ ಸತ್ತುಹೋಗಿರುವ ಮಿದುಳಿನ ಭಾಗದಿಂದ. ಹೆಪ್ಪು ತೆಗೆಯದೆ ಬಿಟ್ಟರೂ ಆ ಭಾಗ ಅಲ್ಲೇ ಇರುತ್ತದೆ, ಇನ್ನಷ್ಟು ದೊಡ್ಡದಾಗುತ್ತದೆ.

ಸಹಿ ಮಾಡುವಾಗ ಕೇಳಬೇಕಾದ ಪ್ರಶ್ನೆ ಬೇರೆ: "ಸಿಟಿ ಸ್ಕ್ಯಾನಿನಲ್ಲಿ ಮಿದುಳಿನ ಎಷ್ಟು ಭಾಗ ಈಗಾಗಲೇ ಹೋಗಿದೆ, ಉಳಿಸಬಹುದಾದದ್ದು ಎಷ್ಟಿದೆ?" ಇದಕ್ಕೆ ಸಿಗುವ ಉತ್ತರದಲ್ಲೇ ಮುಂದಿನ ಅಪಾಯದ ಅರ್ಧ ಅಂದಾಜು ಇರುತ್ತದೆ.

ಹೆಪ್ಪು ತೆಗೆಯಲು ತಲೆಬುರುಡೆ ತೆರೆಯುತ್ತಾರೆಯೇ?

ಇಲ್ಲ. ತೊಡೆಸಂದಿಯ ಧಮನಿಯಿಂದ, ಕೆಲವೊಮ್ಮೆ ಮಣಿಕಟ್ಟಿನಿಂದ, ಕೊಳವೆ ಏರಿಸಿ ಕತ್ತಿನ ಮೂಲಕ ಮಿದುಳಿನ ರಕ್ತನಾಳದವರೆಗೆ ಹೋಗುತ್ತಾರೆ. ಅಲ್ಲಿ ಎರಡು ವಿಧಾನಗಳಿವೆ. ಜಾಳಿಗೆಯಂಥ ಸ್ಟೆಂಟನ್ನು ಹೆಪ್ಪಿನೊಳಗೆ ಬಿಚ್ಚಿ, ಹೆಪ್ಪು ಸಿಕ್ಕಿಕೊಂಡ ಮೇಲೆ ಹಿಂದಕ್ಕೆ ಎಳೆಯುವುದು ಒಂದು. ಕೊಳವೆಯ ಬಾಯನ್ನು ಹೆಪ್ಪಿಗೆ ತಾಗಿಸಿ ಹೀರಿ ತೆಗೆಯುವುದು ಇನ್ನೊಂದು. ಎರಡನ್ನೂ ಕೂಡಿಸಿ ಮಾಡುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಇದನ್ನು ಥ್ರಾಂಬೆಕ್ಟಮಿ ಎನ್ನುತ್ತಾರೆ. ಹೃದಯದ ಆಂಜಿಯೋಗ್ರಾಂ ಮಾಡುವಂಥ ಕ್ಯಾಥ್ ಲ್ಯಾಬ್‌ನಲ್ಲೇ ನಡೆಯುತ್ತದೆ, ಆದರೆ ಮಾಡುವವರು ಮಿದುಳಿನ ನಾಳದ ಕೆಲಸ ಕಲಿತವರೇ ಆಗಿರಬೇಕು.

ರಕ್ತ ಹರಿಯಲೆಂದೇ ದಾರಿ ಬಿಡಿಸಿದ್ದು. ಮತ್ತೆ ಅದೇ ರಕ್ತ ಹೊರಗೆ ಸೋರುವುದೇಕೆ?

ನವಲಗುಂದ, ನರಗುಂದದ ಕಡೆ ಕಾಲುವೆ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಒಣಗಿ ಎರೆಮಣ್ಣು ಬಿರುಕು ಬಿಟ್ಟ ಕಾಲುವೆಗೆ ಒಮ್ಮೆಲೇ ಪೂರ್ತಿ ನೀರು ಬಿಟ್ಟರೆ, ನೀರು ಹೊಲ ಮುಟ್ಟುವ ಮೊದಲೇ ಒಡ್ಡು ಕಿತ್ತುಹೋಗುತ್ತದೆ.

ಮಿದುಳಿನಲ್ಲಿಯೂ ಹಾಗೆಯೇ. ರಕ್ತ ಸಿಗದೆ ಸಾಯುವುದು ನರಕೋಶ ಮಾತ್ರವಲ್ಲ, ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಗೋಡೆಯೂ ಸಡಿಲಾಗುತ್ತದೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಇಳಿಯದಂತೆ ತಡೆಯುವ ಬಿಗಿಯಾದ ಒಳಪದರ ಒಂದಿರುತ್ತದೆ. ಆಮ್ಲಜನಕ ಇಲ್ಲದಾಗ ಅದರ ಬೆಸುಗೆಗಳು ಬಿಡುತ್ತವೆ. ಉರಿಯೂತ ಎದ್ದಾಗ ಹೊರಬರುವ ಕಿಣ್ವಗಳು ನಾಳದ ತಳಪದರವನ್ನೇ ಕರಗಿಸುತ್ತವೆ. ಅಂಥ ಕಡೆಗೆ ಪೂರ್ತಿ ಒತ್ತಡದ ರಕ್ತ ನುಗ್ಗಿದರೆ ಜಿನುಗುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಮಿದುಳಿನ ನಡುಭಾಗದ ಗಂಟುಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳಿಗೆ ಬದಲಿ ದಾರಿಯೇ ಇಲ್ಲ. ಆ ಗಂಟುಗಳು ಬೇಗ ಸಾಯುತ್ತವೆ, ಸೋರುವುದೂ ಅಲ್ಲೇ ಹೆಚ್ಚು.

ಇನ್ನೊಂದು ಬಗೆಯ ರಕ್ತಸ್ರಾವವೂ ಇದೆ, ಇದು ಅಪರೂಪ. ತಂತಿಯ ತುದಿ ನಾಳವನ್ನು ಚುಚ್ಚಬಹುದು, ಅಥವಾ ಹೆಪ್ಪು ಎಳೆಯುವಾಗ ನಾಳವೂ ಜಗ್ಗಿ ಅದರ ಸಣ್ಣ ಕವಲು ಹರಿಯಬಹುದು. ಆಗ ರಕ್ತ ಮಿದುಳಿನ ಮೇಲ್ಪದರದಲ್ಲಿ ಹರಡುತ್ತದೆ. ಸಪೂರ, ತಿರುವುಮುರುವು ನಾಳದಿಂದ ಎಳೆಯುವಾಗ ಈ ಸಂಭವ ಹೆಚ್ಚು.

"ಬ್ಲೀಡ್ ಆಗೇತಿ" ಅಂದರೆ ಕಥೆ ಮುಗಿಯಿತೇ?

ಮುಗಿಯುವುದಿಲ್ಲ. ರಿಪೋರ್ಟಿನಲ್ಲಿ ಯಾವ ಮಾತು ಬರೆದಿದ್ದಾರೆ ಎಂಬುದು ಮುಖ್ಯ. ಸತ್ತ ಭಾಗದಲ್ಲಿ ಚುಕ್ಕೆ ಚುಕ್ಕೆಯಾಗಿ ರಕ್ತ ಕಾಣಿಸಿದರೆ ಎಚ್‌ಐ-1. ಚುಕ್ಕೆಗಳು ಕೂಡಿಕೊಂಡಿದ್ದರೂ ಸುತ್ತಲಿನದನ್ನು ಒತ್ತದಿದ್ದರೆ ಎಚ್‌ಐ-2. ರಕ್ತ ಗಡ್ಡೆ ಕಟ್ಟಿ, ಸತ್ತ ಭಾಗದ ಶೇ. 30ಕ್ಕಿಂತ ಕಡಿಮೆ ಜಾಗ ಹಿಡಿದಿದ್ದರೆ ಪಿಎಚ್-1. ಅದಕ್ಕಿಂತ ದೊಡ್ಡದಾಗಿ ಪಕ್ಕದ ಮಿದುಳನ್ನು ದೂಡುತ್ತಿದ್ದರೆ ಪಿಎಚ್-2.

ನಿಜವಾಗಿ ಹೆದರಬೇಕಾದದ್ದು ಕೊನೆಯದಕ್ಕೆ. ಮೊದಲೆರಡನ್ನು ಎಷ್ಟೋ ಸಲ ಸಿಟಿ ಮಾಡಿದ್ದರಿಂದಷ್ಟೇ ಕಾಣುತ್ತೇವೆ, ರೋಗಿಯಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಲಕ್ವಾದ ತೀವ್ರತೆ ಅಳೆಯಲು 0ರಿಂದ 42ರವರೆಗಿನ ಎನ್‌ಐಎಚ್‌ಎಸ್‌ಎಸ್ ಎಂಬ ಅಂಕಪಟ್ಟಿ ಇದೆ. ಸಾಮಾನ್ಯವಾಗಿ ಅದರಲ್ಲಿ 4 ಅಂಕ ಅಥವಾ ಹೆಚ್ಚು ಕೆಟ್ಟಿದ್ದು, ಕಾರಣ ರಕ್ತಸ್ರಾವವೇ ಆಗಿದ್ದರೆ ಮಾತ್ರ ಅದನ್ನು "ಲಕ್ಷಣ ಇರುವ ರಕ್ತಸ್ರಾವ" ಎನ್ನುತ್ತಾರೆ. ಮೇಲೆ ಕೊಟ್ಟ ಶೇ. 4.4ರ ಲೆಕ್ಕ ಇಂಥ ಸ್ಥಿತಿ ಕೆಟ್ಟವರದ್ದು. ಜಿನುಗಿದ್ದನ್ನೆಲ್ಲ ಎಣಿಸಿದರೆ ಅಂಕಿ ಬಹಳ ದೊಡ್ಡದಾಗುತ್ತದೆ.

ಯಾರಿಗೆ ಅಪಾಯ ಹೆಚ್ಚು? ಎಲ್ಲಕ್ಕಿಂತ ದೊಡ್ಡ ಕಾರಣ ಯಾವುದು?

ಸತ್ತ ಭಾಗದ ಅಳತೆ. ವಯಸ್ಸು, ಬಿಪಿ, ಶುಗರ್ ಎಲ್ಲ ಅದರ ಹಿಂದೆ ಬರುತ್ತವೆ.

ಸಾದಾ ಸಿಟಿಯಲ್ಲಿ ಇದನ್ನು ಆಸ್ಪೆಕ್ಟ್ಸ್ ಎಂಬ ಅಂಕದಿಂದ ಅಳೆಯುತ್ತಾರೆ. ಒಂದು ಬದಿಯ ಮಿದುಳಿಗೆ ಹತ್ತು ಅಂಕ, ಹಾಳಾದ ಪ್ರತಿ ಭಾಗಕ್ಕೆ ಒಂದು ಕಳೆ. 8, 9 ಬಂದರೆ ಹಾನಿ ಸಣ್ಣದು. 3ರಿಂದ 5 ಬಂದರೆ ದೊಡ್ಡದು. ಮೊದಲು ಅಂಥವರಿಗೆ ಹೆಪ್ಪು ತೆಗೆಯುವ ಮಾತೇ ಇರಲಿಲ್ಲ. 2022ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು 3ರಿಂದ 5 ಅಂಕದವರನ್ನೇ ತೆಗೆದುಕೊಂಡಿತು. ಹೆಪ್ಪು ತೆಗೆದವರಲ್ಲಿ ಶೇ. 58 ಮಂದಿಗೆ ಯಾವುದೋ ಒಂದು ಮಟ್ಟದ ರಕ್ತ ಕಂಡಿತು, ತೆಗೆಯದವರಲ್ಲಿ ಶೇ. 31.4. ಸ್ಥಿತಿ ಕೆಡಿಸಿದ ರಕ್ತಸ್ರಾವ ಶೇ. 9 ಮತ್ತು ಶೇ. 4.9. ಇಷ್ಟಾದರೂ ಆಸರೆಯಿಂದಲೋ ಇಲ್ಲದೆಯೋ ನಡೆದಾಡುವ ಮಟ್ಟಕ್ಕೆ ಬಂದವರು ಹೆಪ್ಪು ತೆಗೆದವರಲ್ಲೇ ಹೆಚ್ಚು: ಶೇ. 31, ಉಳಿದವರಲ್ಲಿ ಶೇ. 12.7.

ಈ ಅಂಕಿಗಳನ್ನು ಎರಡು ಸಲ ಓದಿ. ದೊಡ್ಡ ಹಾನಿ ಆದವರಲ್ಲಿ ರಕ್ತಸ್ರಾವ ನಿಜಕ್ಕೂ ಹೆಚ್ಚಾಗುತ್ತದೆ, ಆದರೂ ಲಾಭದ ತಕ್ಕಡಿಯೇ ಕೆಳಗೆ ಬಾಗುತ್ತದೆ.

ಹಾನಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಬದಲಿ ದಾರಿಗಳನ್ನು ಅವಲಂಬಿಸಿದೆ. ಮುಖ್ಯ ನಾಳ ಮುಚ್ಚಿದಾಗ ಪಕ್ಕದ ಸಣ್ಣ ನಾಳಗಳು ಸುತ್ತುದಾರಿಯಲ್ಲಿ ರಕ್ತ ಒಯ್ಯುತ್ತವೆ. ಇದು ಕೆಲವರಲ್ಲಿ ಸಮೃದ್ಧ, ಕೆಲವರಲ್ಲಿ ಇಲ್ಲವೇ ಇಲ್ಲ. ಒಬ್ಬರ ಮಿದುಳು ಹತ್ತು ತಾಸು ತಡೆದುಕೊಂಡರೆ ಇನ್ನೊಬ್ಬರದು ಎರಡೇ ತಾಸಿನಲ್ಲಿ ಹೋಗಿರುತ್ತದೆ. "ಪಕ್ಕದ ಮನೆಯವರನ್ನ ಮರುದಿನ ಒಯ್ದರೂ ಆರಾಮಾದರು" ಎಂಬ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎನ್ನುವುದು ಇದಕ್ಕೇ.

ನಾವು ಇರೋದು ರೋಣದಾಗ / ಹಾನಗಲ್ಲದಾಗ. ಹುಬ್ಬಳ್ಳಿ ಮುಟ್ಟೋದರಾಗ ಹೊತ್ತಾಗೇತಿ. ರಕ್ತಸ್ರಾವದ ಅಪಾಯ ಏರಿತೇ?

ಏರುತ್ತದೆ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ 75ರ ಆಸುಪಾಸು. ರಸ್ತೆಯೇ ಒಂದೂವರೆ ತಾಸು ತಿನ್ನುತ್ತದೆ, ತಾಲೂಕಿನ ಹಳ್ಳಿಯಿಂದಾದರೆ ಇನ್ನೂ ಹೆಚ್ಚು. ಆದರೆ ಬಹಳಷ್ಟು ಸಲ ಹೊತ್ತು ಹೋಗುವುದು ರಸ್ತೆಯಲ್ಲಲ್ಲ. "ಸ್ವಲ್ಪ ಮಲಗಲಿ, ಸರಿಹೋಗ್ತದ" ಎಂದು ಮನೆಯಲ್ಲಿ ಕಾಯುವುದರಲ್ಲಿ, ಆಮೇಲೆ ಒಂದಾದ ಮೇಲೊಂದು ಎರಡು ಮೂರು ದವಾಖಾನೆ ಮೆಟ್ಟಿಲು ಹತ್ತುವುದರಲ್ಲಿ.

ಹೊರಡುವ ಮೊದಲು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ನೇರವಾಗಿ ಕೇಳಿ: ಈಗ ಸಿಟಿ ಆಂಜಿಯೋ (ಮಿದುಳಿನ ರಕ್ತನಾಳ ತೋರಿಸುವ ಸ್ಕ್ಯಾನ್) ಆಗುತ್ತದೆಯೇ? ಹೆಪ್ಪು ಎಳೆದು ತೆಗೆಯುವ ಡಾಕ್ಟರು ಈ ಹೊತ್ತಿಗೆ ಸಿಗುತ್ತಾರೆಯೇ? "ನ್ಯೂರಾಲಜಿ ಇದೆ" ಎಂಬ ಉತ್ತರ ಸಾಲದು. ಎಲ್ಲ ನ್ಯೂರಾಲಜಿ ವಿಭಾಗದಲ್ಲೂ, ಎಲ್ಲ ರಾತ್ರಿಯೂ ಈ ಕೆಲಸ ಆಗುವುದಿಲ್ಲ. ವಾಹನಕ್ಕೆ 108.

ಆರು ತಾಸಿನೊಳಗಾದರೆ ತೀರ್ಮಾನ ಸುಲಭ. 2018ರಿಂದ, ಉಳಿಸಬಹುದಾದ ಭಾಗ ಸ್ಕ್ಯಾನಿನಲ್ಲಿ ಕಂಡರೆ 24 ತಾಸಿನವರೆಗೂ ಮಾಡುತ್ತಾರೆ. ಈ ತಾಸುಗಳನ್ನು ಎಣಿಸುವುದು ರೋಗಿಯನ್ನು ಕೊನೆಯದಾಗಿ ಆರಾಮಿದ್ದಂತೆ ಕಂಡ ಹೊತ್ತಿನಿಂದ. ಬೆಳಗ್ಗೆ ಆರಕ್ಕೆ ಏಳುವಾಗ ಕೈ ಬಿದ್ದಿದ್ದು, ರಾತ್ರಿ ಹತ್ತಕ್ಕೆ ಮಾತಾಡಿ ಮಲಗಿದ್ದರೆ ಗಡಿಯಾರ ಹತ್ತರಿಂದಲೇ ಶುರು. ಬೈಸಿಕೊಳ್ಳುತ್ತೇವೆಂದು ಹೆದರಿ ಹೊತ್ತನ್ನು ಕಡಿಮೆ ಮಾಡಿ ಹೇಳುವವರಿದ್ದಾರೆ. ಇದು ಅಪಾಯಕ್ಕೆ ಆಹ್ವಾನ, ಏಕೆಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನು ಕೊಡಬೇಕೇ ಬೇಡವೇ ಎಂಬುದು ಮುಖ್ಯವಾಗಿ ಆ ಹೊತ್ತಿನ ಮೇಲೇ ನಿಂತಿರುತ್ತದೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಮತ್ತೆ ಹೆಪ್ಪು ಎಳೆದೂ ತೆಗೆದರೆ ರಕ್ತಸ್ರಾವ ದುಪ್ಪಟ್ಟಾಗುವುದಿಲ್ಲವೇ?

ದುಪ್ಪಟ್ಟಾಗುವುದಿಲ್ಲ, ತುಸು ಏರಬಹುದು. 2020ರಲ್ಲಿ ಪ್ರಕಟವಾದ ಚೀನಾದ ಒಂದು ಅಧ್ಯಯನದಲ್ಲಿ ಇಂಜೆಕ್ಷನ್ ಇಲ್ಲದೆ ನೇರವಾಗಿ ತೆಗೆದವರಲ್ಲಿ ಶೇ. 4.3, ಇಂಜೆಕ್ಷನ್ ಕೊಟ್ಟು ತೆಗೆದವರಲ್ಲಿ ಶೇ. 6.1 ಮಂದಿಗೆ ಸ್ಥಿತಿ ಕೆಡಿಸುವ ರಕ್ತಸ್ರಾವವಾಯಿತು. ಹುಬ್ಬಳ್ಳಿಗೆ ಕಳಿಸುವ ಮೊದಲೇ ಸಿಟಿ ಸ್ಕ್ಯಾನ್ ಇರುವ ಊರಿನಲ್ಲಿ ಇಂಜೆಕ್ಷನ್ ಶುರು ಮಾಡುವುದರಿಂದ ಸಿಗುವ ಲಾಭ ಇದಕ್ಕಿಂತ ದೊಡ್ಡದು.

ಈ ಇಂಜೆಕ್ಷನ್ ಅಲ್ಟಿಪ್ಲೇಸ್ ಆದರೆ ಕೆಜಿಗೆ 0.9 ಮಿಲಿಗ್ರಾಂ, ಗರಿಷ್ಠ 90. ಹತ್ತರಲ್ಲಿ ಒಂದು ಪಾಲು ಒಮ್ಮೆಲೇ, ಉಳಿದದ್ದು 60 ನಿಮಿಷದಲ್ಲಿ. ಟೆನೆಕ್ಟಿಪ್ಲೇಸ್ ಆದರೆ ಕೆಜಿಗೆ 0.25 ಮಿಲಿಗ್ರಾಂ, ಗರಿಷ್ಠ 25, ಒಂದೇ ಸಲ. ಎರಡೂ ಸಾಮಾನ್ಯವಾಗಿ 4.5 ತಾಸಿನೊಳಗೆ. ಅಳತೆ ತೂಕದ ಮೇಲಿರುವುದರಿಂದ ರೋಗಿಯ ತೂಕವನ್ನು ಅಂದಾಜಿಗೆ ಹೇಳಬೇಡಿ. ಇತ್ತೀಚೆಗೆ ತೂಕ ಮಾಡಿಸಿದ ಚೀಟಿ ಇದ್ದರೆ ಕೊಡಿ. 50 ಕೆಜಿಯ ಅಜ್ಜಿಯನ್ನು 65 ಎಂದರೆ ಅಲ್ಟಿಪ್ಲೇಸ್ ಹದಿಮೂರು ಮಿಲಿಗ್ರಾಂಗೂ ಹೆಚ್ಚು ಒಳಗೆ ಹೋಗುತ್ತದೆ.

ಬಿಪಿ ಎಷ್ಟಿರಬೇಕು? "200 ಐತಿ ಅಂದ್ರೂ ಗುಳಿಗಿ ಕೊಡವಲ್ರು"

ಹೆಪ್ಪು ಇರುವ ತನಕ ಮಿದುಳು ಸುತ್ತುದಾರಿಯ ರಕ್ತದ ಮೇಲೆ ಬದುಕಿರುತ್ತದೆ, ಆ ದಾರಿಗೆ ಒತ್ತಡ ಬೇಕು. ಆದ್ದರಿಂದ ಮೊದಲು ಬಿಪಿಯನ್ನು ಬೇಕೆಂದೇ ತುಸು ಎತ್ತರಕ್ಕೆ ಬಿಡುತ್ತಾರೆ. ಇಂಜೆಕ್ಷನ್ ಕೊಡುವುದಿದ್ದರೆ 185/110ಕ್ಕಿಂತ ಕೆಳಗಿಳಿಸುತ್ತಾರೆ. ಕೆಲವು ಸಣ್ಣ ದವಾಖಾನೆಗಳಲ್ಲಿ ನಾಲಗೆ ಕೆಳಗೆ ನಿಫೆಡಿಪಿನ್ ಕ್ಯಾಪ್ಸೂಲ್ ಒಡೆದು ಹಾಕುವ ರೂಢಿ ಇನ್ನೂ ಇದೆ. ಬಿಪಿ ಧಡಕ್ಕನೆ ಬೀಳುತ್ತದೆ, ಜೊತೆಗೆ ಉಳಿಯಬಹುದಾಗಿದ್ದ ಮಿದುಳೂ ಹೋಗುತ್ತದೆ. ಸತ್ತ ಭಾಗ ದೊಡ್ಡದಾದಷ್ಟೂ ಮುಂದೆ ಸೋರುವ ಜಾಗ ದೊಡ್ಡದು.

ಹೆಪ್ಪು ತೆಗೆದ ಮೇಲೆ ಲೆಕ್ಕ ತಿರುಗುಮುರುಗು. ಈಗ ಒತ್ತಡ ನೇರವಾಗಿ ಸಡಿಲ ಗೋಡೆಯ ಮೇಲೆ ಬೀಳುತ್ತದೆ. 24 ತಾಸು 180/105 ದಾಟಬಾರದು. ಹಾಗಾದರೆ 120ಕ್ಕೆ ಇಳಿಸಿಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಅನಿಸುವುದು ಸಹಜ. ಡಾಕ್ಟರುಗಳಿಗೂ ಹಾಗೇ ಅನಿಸಿತ್ತು. 2021ರ ಫ್ರಾನ್ಸಿನ ಅಧ್ಯಯನದಲ್ಲಿ ಮೇಲಿನ ಬಿಪಿಯನ್ನು 130ಕ್ಕಿಂತ ಕೆಳಗಿಟ್ಟರೂ ರಕ್ತಸ್ರಾವ ಕಡಿಮೆ ಆಗಲಿಲ್ಲ. 2022ರಲ್ಲಿ ಚೀನಾದಲ್ಲಿ 120ಕ್ಕಿಂತ ಕೆಳಗೆ ಇಳಿಸಿ ನೋಡಿದಾಗ ಅಂಗವೈಕಲ್ಯ ಹೆಚ್ಚಾಗಿ ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು. 2023ರಲ್ಲಿ ದಕ್ಷಿಣ ಕೊರಿಯಾದಲ್ಲಿ 140ಕ್ಕಿಂತ ಕೆಳಗಿಟ್ಟವರೂ ಕಡಿಮೆಯೇ ಚೇತರಿಸಿಕೊಂಡರು. ಹೀಗಾಗಿ ನಾಳ ಚೆನ್ನಾಗಿ ತೆರೆದುಕೊಂಡವರಲ್ಲಿ 140ರಿಂದ 180ರ ನಡುವೆ ಇಟ್ಟುಕೊಳ್ಳುವುದು ಈಗಿನ ವಾಡಿಕೆ. ಮಾನಿಟರಿನಲ್ಲಿ 155 ಕಂಡರೆ ನರ್ಸಿನ ಮೇಲೆ ರೇಗಬೇಡಿ.

ಬಿಪಿಯ ಏರಿಳಿತವೂ ತೊಂದರೆಯೇ. ಹತ್ತು ನಿಮಿಷಕ್ಕೆ 190, ಮುಂದಿನ ಹತ್ತಕ್ಕೆ 120 ಎನ್ನುವಂತಿದ್ದರೆ ಕೆಟ್ಟದ್ದು. ಗುಳಿಗೆ ಬಿಟ್ಟು ಲೇಬೆಟಲಾಲ್, ನಿಕಾರ್ಡಿಪಿನ್‌ನಂಥದ್ದನ್ನು ನರದಲ್ಲಿ ಹನಿಹನಿಯಾಗಿ ಕೊಡುವುದು ಇದಕ್ಕೇ. ಮೂತ್ರ ಕಟ್ಟಿಕೊಂಡಿರುವುದು, ನೋವು, ವಾಂತಿ, ಹಾಸಿಗೆ ಸುತ್ತ ಹತ್ತು ಮಂದಿ ನೆಂಟರ ಗದ್ದಲ ಇವೂ ಬಿಪಿ ಏರಿಸುತ್ತವೆ.

ಶುಗರ್ ಇದ್ದವರಿಗೆ?

ರಕ್ತದ ಸಕ್ಕರೆ ಹೆಚ್ಚಿದ್ದಷ್ಟೂ ಆಮ್ಲಜನಕವಿಲ್ಲದ ಭಾಗದಲ್ಲಿ ಆಮ್ಲ ಹೆಚ್ಚುತ್ತದೆ, ನಾಳದ ಗೋಡೆ ಬೇಗ ಹಾಳಾಗುತ್ತದೆ. ಮೊದಲು ಡಯಾಬಿಟಿಸ್ ಇಲ್ಲದಿದ್ದರೂ ಲಕ್ವಾದ ಒತ್ತಡಕ್ಕೆ ಸಕ್ಕರೆ ಏರಿದ್ದರೆ ಅಪಾಯ ಅದೇ. 140ರಿಂದ 180 ಮಿಲಿಗ್ರಾಂ ನಡುವೆ ಇಡುವುದು ಗುರಿ. ಇನ್ಸುಲಿನ್ ಸುರಿದು 80–130ಕ್ಕೆ ಇಳಿಸಿದರೆ ಲಾಭವಿಲ್ಲ, ಸಕ್ಕರೆ ತೀರಾ ಬೀಳುವುದಷ್ಟೇ ಹೆಚ್ಚುತ್ತದೆ. 2019ರಲ್ಲಿ ಇದು ಖಚಿತವಾಯಿತು. ದಾರಿಯಲ್ಲಿ ಗ್ಲೂಕೋಸ್ ಬಾಟಲಿ ಹಚ್ಚಿಸಬೇಡಿ. ಆದರೆ ಒಮ್ಮೆ ಗ್ಲುಕೋಮೀಟರಿನಲ್ಲಿ ನೋಡಲೇಬೇಕು: ಸಕ್ಕರೆ 60ಕ್ಕಿಂತ ಕೆಳಗೆ ಬಿದ್ದಾಗಲೂ ಕೈಕಾಲು ಬಿದ್ದಂತೆ ಕಾಣುತ್ತದೆ. ಅದಕ್ಕೆ ಮಾತ್ರ ಗ್ಲೂಕೋಸೇ ಔಷಧಿ.

ಹೃದಯದ ತೊಂದರೆ ಇದೆ, ರಕ್ತ ತೆಳುವಾಗುವ ಗುಳಿಗೆ ನಡೆದಿದೆ. ಹೆಪ್ಪು ತೆಗೆಯಬಹುದೇ?

ತೆಗೆಯಬಹುದು. ಹೆಪ್ಪು ಕರಗಿಸುವ ಇಂಜೆಕ್ಷನ್ ಮಾತ್ರ ಬಹುತೇಕ ಕೊಡಲಾಗುವುದಿಲ್ಲ. ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ 1.7 ದಾಟಿದ್ದರೆ, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ, ಡಬಿಗಾಟ್ರಾನ್, ಅಪಿಕ್ಸಾಬಾನ್, ರಿವರೊಕ್ಸಾಬಾನ್‌ನಂಥವನ್ನು ಕಳೆದ 48 ತಾಸಿನಲ್ಲಿ ನುಂಗಿದ್ದರೆ ಇಂಜೆಕ್ಷನ್ ತಪ್ಪಿಸುತ್ತಾರೆ. ಎಳೆದು ತೆಗೆಯುವುದಕ್ಕೆ ಅಷ್ಟು ಕಟ್ಟುನಿಟ್ಟಿಲ್ಲ.

ಎಡೆಬಿಡದೆ ತಾಳ ತಪ್ಪುವ ಹೃದಯ, ಅಂದರೆ ಏಟ್ರಿಯಲ್ ಫಿಬ್ರಿಲೇಶನ್ ಇರುವವರಲ್ಲಿ ರಕ್ತಸ್ರಾವ ಹೆಚ್ಚು ಕಾಣುತ್ತದೆ. ಹೃದಯದಿಂದ ಹೊರಟ ಹೆಪ್ಪು ದೊಡ್ಡದು, ಅದು ಬಂದು ಕೂರುವುದು ಒಮ್ಮೆಲೇ. ಕತ್ತಿನ ನಾಳ ವರ್ಷಗಟ್ಟಲೆ ನಿಧಾನ ಸಣ್ಣದಾದವರಲ್ಲಿ ಬೆಳೆದಿರುವಂಥ ಸುತ್ತುದಾರಿ ಇವರಲ್ಲಿ ಇರುವುದಿಲ್ಲ. ಸಣ್ಣ ವಯಸ್ಸಿನಲ್ಲಿ ಬಂದ ಕೀಲು ಜ್ವರದಿಂದ ಕವಾಟ ಸಣ್ಣದಾದ ಮೂವತ್ತು, ನಲವತ್ತರ ಹೆಣ್ಣುಮಕ್ಕಳು ನಮ್ಮ ಕಡೆ ಇಂದಿಗೂ ಲಕ್ವಾ ಹೊಡೆದು ಬರುತ್ತಾರೆ. "ಇಷ್ಟು ಸಣ್ಣ ವಯಸ್ಸಿಗೆ ಲಕ್ವಾ ಇರಲಾರದು" ಎಂದು ಹೊತ್ತು ಕಳೆಯುವುದು ಇವರ ವಿಷಯದಲ್ಲೇ ಹೆಚ್ಚು.

ಗುಳಿಗೆಯ ಪಟ್ಟಿಯನ್ನೇ ತನ್ನಿ. "ಬಿಳಿ ಗುಳಿಗಿ, ಅರ್ಧ ಮುರುದು ತೊಗೊಂತಿದ್ರು" ಎಂದರೆ ಯಾರಿಗೂ ತಿಳಿಯುವುದಿಲ್ಲ. ಅಸಿಟ್ರಾಮ್, ವಾರ್ಫರಿನ್ ಎಂದು ಬರೆದ ಖಾಲಿ ಪಟ್ಟಿಯೂ ಸಾಕು. ಕೊನೆಯ ಗುಳಿಗೆ ಎಷ್ಟು ಹೊತ್ತಿಗೆ ನುಂಗಿದರು ಎಂಬುದನ್ನು ಅದರ ಮೇಲೇ ಬರೆಯಿರಿ. ಇತ್ತೀಚೆಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಿತ್ತೇ, ಕಿಡ್ನಿಗೆ ಡಯಾಲಿಸಿಸ್ ನಡೆದಿದೆಯೇ, ಕುಡಿತದಿಂದ ಲಿವರ್ ಕೆಟ್ಟಿದೆಯೇ ಎಂಬುದನ್ನೂ ಮುಚ್ಚಿಡದೆ ಹೇಳಿ. ಮೂರೂ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ತಗ್ಗಿಸುತ್ತವೆ.

ಊರಿನ ಡಾಕ್ಟರು ಆಸ್ಪಿರಿನ್ ನುಂಗಿಸಿ ಕಳಿಸಿದರು. ಸರಿಯೇ?

ಸಿಟಿಗೆ ಮೊದಲು ಸರಿಯಲ್ಲ. ಎದೆನೋವಿನ ರೂಢಿಯನ್ನು ಲಕ್ವಾಕ್ಕೂ ಹಚ್ಚುವುದರಿಂದ ಆಗುವ ತಪ್ಪು ಇದು. ಲಕ್ವಾಗಳಲ್ಲಿ ಒಂದು ಪಾಲು ಮೊದಲಿನಿಂದಲೇ ರಕ್ತಸ್ರಾವದವು, ಮುಖ ನೋಡಿ ಹೇಳಲು ಬರುವುದಿಲ್ಲ. ಹೆಪಾರಿನ್ ಚುಚ್ಚಿ ಕಳಿಸುವುದು ಇನ್ನೂ ಕೆಟ್ಟದ್ದು. ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ಹೆಪ್ಪು ತೆಗೆಯುವ ಹೊತ್ತಿನಲ್ಲೇ ನರದಲ್ಲಿ ಆಸ್ಪಿರಿನ್ ಅಥವಾ ಹೆಪಾರಿನ್ ಕೊಟ್ಟು ನೋಡಿದರು, ಫಲಿತಾಂಶ 2022ರಲ್ಲಿ ಬಂತು. ಆಸ್ಪಿರಿನ್ ಪಡೆದವರಲ್ಲಿ ಕೆಡಿಸುವ ರಕ್ತಸ್ರಾವ ಶೇ. 14, ಪಡೆಯದವರಲ್ಲಿ ಶೇ. 7. ಹೆಪಾರಿನ್‌ಗೆ ಶೇ. 13. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ದಿನಾ ಒಂದು ಆಸ್ಪಿರಿನ್ ಮೊದಲಿನಿಂದ ನುಂಗುತ್ತಿದ್ದವರು ಇದಕ್ಕೆ ಗಾಬರಿಯಾಗಬೇಕಿಲ್ಲ, ಅದರಿಂದ ಹೆಪ್ಪು ತೆಗೆಯುವುದು ತಪ್ಪುವುದಿಲ್ಲ.

ಒಳಗೆ ಕೆಲಸ ಮಾಡುವಾಗಿನ ಯಾವ ಸಂಗತಿಗಳು ಅಪಾಯ ಏರಿಸುತ್ತವೆ?

ಎಳೆದ ಸಲಗಳ ಎಣಿಕೆ. ಮೊದಲ ಎಳೆತಕ್ಕೇ ಹೆಪ್ಪು ಪೂರ್ತಿ ಬಂದರೆ ಫಲ ಎಲ್ಲಕ್ಕಿಂತ ಚೆನ್ನ. ಪ್ರತಿ ಎಳೆತಕ್ಕೂ ನಾಳದ ಒಳಪದರ ತರಚುತ್ತದೆ, ಹೊತ್ತೂ ಹೋಗುತ್ತದೆ. ಮೂರು ದಾಟಿದ ಮೇಲೆ ರಕ್ತಸ್ರಾವ ಏರುತ್ತದೆ. "ಇನ್ನೊಂದು ಸಲ ನೋಡ್ರಿ" ಎಂದು ಹೊರಗಿನಿಂದ ಒತ್ತಾಯಿಸುವುದು ಸಹಾಯವಲ್ಲ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೂ ಕೈಚಳಕವೇ.

ಕತ್ತಿನ ನಾಳವೂ ಮುಚ್ಚಿದ್ದು ಅಲ್ಲಿ ಸ್ಟೆಂಟ್ ಬಿಡಬೇಕಾಗಿ ಬಂದರೆ ಇಕ್ಕಟ್ಟು. ಸ್ಟೆಂಟ್ ಮುಚ್ಚದಿರಲು ರಕ್ತ ತೆಳುಮಾಡುವ ಔಷಧಿ ಬೇಕು, ಮಿದುಳು ಸೋರದಿರಲು ಅದು ಬೇಡ. ಇಲ್ಲಿ ಎಲ್ಲರಿಗೂ ಒಪ್ಪುವ ಒಂದೇ ಸೂತ್ರ ಇಲ್ಲ, ಸತ್ತ ಭಾಗದ ಅಳತೆ ನೋಡಿ ತೀರ್ಮಾನ.

ವಯಸ್ಸು 82. ಬಿಟ್ಟುಬಿಡೋಣವೇ?

ವಯಸ್ಸೊಂದೇ ಕಾರಣವಲ್ಲ. ಎಂಬತ್ತು ದಾಟಿದವರಲ್ಲೂ ಲಾಭ ಕಂಡಿದೆ. ಲಕ್ವಾದ ಹಿಂದಿನ ದಿನದವರೆಗೆ ಅವರು ಹೇಗಿದ್ದರು ಎಂಬುದು ಮುಖ್ಯ. ಹೊಲಕ್ಕೆ ನಡೆದುಹೋಗುತ್ತಿದ್ದವರೇ, ಹಾಸಿಗೆ ಹಿಡಿದಿದ್ದವರೇ ಎಂಬುದನ್ನು ಇದ್ದದ್ದಿದ್ದಂತೆ ಹೇಳಿ.

ಹೆಪ್ಪು ತೆಗೆದ ಕೂಡಲೇ ಮಾಡಿದ ಸಿಟಿಯಲ್ಲಿ ಬಿಳಿ ಕಾಣಿಸಿತು. ಒಬ್ಬರು ರಕ್ತ ಎಂದರು, ಇನ್ನೊಬ್ಬರು ಡೈ ಎಂದರು

ಇಬ್ಬರೂ ಸರಿ ಇರಬಹುದು. ಆಂಜಿಯೋದಲ್ಲಿ ನಾಳ ಕಾಣಲೆಂದು ಬಿಡುವ ಡೈ ಸಡಿಲ ನಾಳಗಳಿಂದ ಹೊರಗೆ ಇಳಿದು ಸಿಟಿಯಲ್ಲಿ ರಕ್ತದಂತೆಯೇ ಬೆಳ್ಳಗೆ ಕಾಣುತ್ತದೆ. ಡ್ಯುಯಲ್ ಎನರ್ಜಿ ಸಿಟಿ ಇದ್ದರೆ ಅಲ್ಲೇ ಬೇರ್ಪಡಿಸಬಹುದು. ಇಲ್ಲದಿದ್ದರೆ ಮರುದಿನದ ಸಿಟಿಯೇ ಸಾಕ್ಷಿ: ಡೈ 24ರಿಂದ 48 ತಾಸಿನಲ್ಲಿ ತೊಳೆದುಹೋಗುತ್ತದೆ, ರಕ್ತ ಉಳಿಯುತ್ತದೆ. ಆದರೆ ಡೈ ಇಳಿದಿದೆ ಎಂದರೆ ಗೋಡೆ ಸಡಿಲಾಗಿದೆ ಎಂದರ್ಥ. ಅಂಥವರ ಬಿಪಿಯನ್ನು ಇನ್ನಷ್ಟು ಕಾಯುತ್ತಾರೆ.

ಐಸಿಯುನಲ್ಲಿ ನಾವು ಯಾವುದನ್ನು ಕಂಡರೆ ಕೂಗಿ ಕರೆಯಬೇಕು?

ಕೆಟ್ಟ ರಕ್ತಸ್ರಾವ ಬಹುತೇಕ ಮೊದಲ 24ರಿಂದ 36 ತಾಸಿನಲ್ಲಿ ಆಗುತ್ತದೆ. ಮಾತಾಡುತ್ತಿದ್ದವರು ಮಂಕಾಗಿ ನಿದ್ದೆಗೆ ಜಾರುವುದು, ಹೊಸದಾಗಿ ತಲೆ ಸಿಡಿಯುವುದು, ವಾಂತಿ, ಎತ್ತುತ್ತಿದ್ದ ಕೈ ಮತ್ತೆ ಬೀಳುವುದು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಾರಣವಿಲ್ಲದೆ ಬಿಪಿ ಜಿಗಿಯುವುದು. "ದಣಿದಾರ, ಮಲಗಲಿ" ಎಂದು ಸುಮ್ಮನಿರಬೇಡಿ. ಇಂಜೆಕ್ಷನ್ ಪಡೆದವರಿಗೆ ಮೊದಲ ಎರಡು ತಾಸು 15 ನಿಮಿಷಕ್ಕೊಮ್ಮೆ, ಮುಂದಿನ ಆರು ತಾಸು ಅರ್ಧ ತಾಸಿಗೊಮ್ಮೆ, ಆಮೇಲೆ 24 ತಾಸಿನವರೆಗೆ ತಾಸಿಗೊಮ್ಮೆ ಬಿಪಿ ನೋಡಿ ಎಬ್ಬಿಸಿ ಮಾತಾಡಿಸುವುದು ನಿಯಮ. ನಿದ್ದೆ ಕೆಡಿಸುತ್ತಾರೆಂದು ದೂರಬೇಡಿ.

ಹೊದಿಕೆ ಸರಿಸಿ ತೊಡೆಸಂದಿಯನ್ನೂ ನೋಡಿ. ಊತ, ಬ್ಯಾಂಡೇಜ್ ಒದ್ದೆ, ಕಾಲು ತಣ್ಣಗಾಗುವುದು, ಸೊಂಟದಲ್ಲಿ ನೋವಿನ ಜೊತೆ ಬಿಪಿ ಇಳಿಯುವುದು ಕಂಡರೆ ಅಲ್ಲಿಯೂ ರಕ್ತ ಹೋಗುತ್ತಿರಬಹುದು. ಹೊಟ್ಟೆಯ ಹಿಂಭಾಗಕ್ಕೆ ಸೋರಿದರೆ ಹೊರಗೆ ಏನೂ ಕಾಣುವುದಿಲ್ಲ. ಹೇಳುವ ತನಕ ಆ ಕಾಲು ಮಡಚಲು ಬಿಡಬೇಡಿ.

ರಕ್ತಸ್ರಾವ ಆಗಿಯೇಬಿಟ್ಟರೆ ಏನು ಮಾಡುತ್ತಾರೆ?

ಇಂಜೆಕ್ಷನ್ ಇನ್ನೂ ಓಡುತ್ತಿದ್ದರೆ ನಿಲ್ಲಿಸಿ, ಕೂಡಲೇ ಸಿಟಿ. ಅಲ್ಟಿಪ್ಲೇಸ್ ಪಡೆದವರಿಗೆ ರಕ್ತನಿಧಿಯಿಂದ ಕ್ರಯೋಪ್ರೆಸಿಪಿಟೇಟ್ 10 ಯುನಿಟ್ ತರಿಸುತ್ತಾರೆ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಅಂಶ 150 ಮಿಲಿಗ್ರಾಂ ದಾಟುವಂತೆ ನೋಡಿಕೊಳ್ಳುತ್ತಾರೆ. ಅದು ಸಿಗುವುದು ತಡವಾದರೆ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ ಹತ್ತು ನಿಮಿಷದಲ್ಲಿ. ವಾರ್ಫರಿನ್ ಇದ್ದರೆ ವಿಟಮಿನ್ ಕೆ, ಜೊತೆಗೆ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರಣ. ಮಿದುಳು ಬಾತರೆ ಮ್ಯಾನಿಟಾಲ್ ಅಥವಾ ಗಾಢ ಉಪ್ಪುನೀರು. ಒತ್ತಡ ತಡೆಯದಷ್ಟಾದರೆ ತಲೆಬುರುಡೆಯ ಒಂದು ತುಂಡು ತೆಗೆದು ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ. ಜೀವ ಉಳಿಸುವುದರಲ್ಲಿ ಇದು ಹೆಚ್ಚು ಫಲ ಕೊಡುವುದು ಅರವತ್ತರೊಳಗಿನವರಿಗೆ. ಚುಕ್ಕೆ ಚುಕ್ಕೆ ರಕ್ತಕ್ಕೆ ಇದ್ಯಾವುದೂ ಬೇಡ, ಕಾಯ್ದು ನೋಡಿದರೆ ಸಾಕು.

ಆಸ್ಪಿರಿನ್, ಅಸಿಟ್ರಾಮ್ ಮತ್ತೆ ಯಾವಾಗ ಶುರು?

ಕರಗಿಸುವ ಇಂಜೆಕ್ಷನ್ ಪಡೆದವರಿಗೆ 24 ತಾಸಿನ ಸಿಟಿಯಲ್ಲಿ ರಕ್ತ ಇಲ್ಲವೆಂದು ಖಾತ್ರಿಯಾದ ಮೇಲೆ ಆಸ್ಪಿರಿನ್. ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ ಹೊಸ ಬಗೆಯ ರಕ್ತ ತೆಳುಗೊಳಿಸುವ ಗುಳಿಗೆಗಳನ್ನು, ಹಾನಿ ಸಣ್ಣದು ಅಥವಾ ಮಧ್ಯಮವಾಗಿದ್ದರೆ 48 ತಾಸಿನೊಳಗೆ, ದೊಡ್ಡದಾಗಿದ್ದರೆ 6–7ನೇ ದಿನ ಶುರು ಮಾಡಬಹುದೆಂದು 2023ರ ಅಧ್ಯಯನವೊಂದು ತೋರಿಸಿದೆ. ಗಡ್ಡೆ ಕಟ್ಟಿದ ರಕ್ತಸ್ರಾವ ಆದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಮತ್ತೆ ಸ್ಕ್ಯಾನ್ ಮಾಡಿಯೇ ದಿನ ಗೊತ್ತು ಮಾಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖು ಬರೆಸಿಕೊಳ್ಳಿ. "ಮುಂದ ನೋಡೋಣ" ಎಂದು ಬಿಟ್ಟರೆ ಮರೆತುಹೋಗುತ್ತದೆ, ಮರೆತವರಿಗೆ ಎರಡನೇ ಲಕ್ವಾ ಬರಬಹುದು.

ಲಕ್ವಾಕ್ಕೆ ನಾಟಿ ಔಷಧಿ ಕೊಡೋರು ಅದಾರ. ಮೊದಲು ಅಲ್ಲಿ ತೋರಿಸಿ, ಆಮೇಲೆ ದವಾಖಾನಿಗೆ ಬಂದ್ರ?

ಬಾಯಿ ಸೊಟ್ಟಾದವರು ನುಂಗುವಾಗ ಅರ್ಧ ಉಸಿರಿನ ನಳಿಕೆಗೆ ಹೋಗುತ್ತದೆ. ಮೂಗಿಗೆ ಎಲೆ ರಸ ಬಿಟ್ಟರೆ ನೇರ ಶ್ವಾಸಕೋಶಕ್ಕೇ. ಆಮೇಲೆ ಕೆಮ್ಮು, ನ್ಯುಮೋನಿಯಾ, ಕೆಮ್ಮಿದಾಗಲೆಲ್ಲ ಬಿಪಿ ಜಿಗಿತ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಅಲ್ಲಿ ಕಳೆಯುವ ಎರಡು ತಾಸು. ನೀರು, ಚಹಾ, ಗುಳಿಗೆ ಏನನ್ನೂ ಬಾಯಿಗೆ ಹಾಕದೆ, ವಾಂತಿ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿ ಕರೆತನ್ನಿ. ಎಣ್ಣೆ ತಿಕ್ಕುವುದಾದರೆ ಮನೆಗೆ ಬಂದ ಮೇಲೆ ತಿಕ್ಕಿ, ಅದರಿಂದ ಮಿದುಳಿನಲ್ಲಿ ರಕ್ತ ಸೋರುವುದಿಲ್ಲ. ತೊಡೆಸಂದಿಯ ಗಾಯ ಮಾಯುವ ತನಕ ಆ ಜಾಗ ಬಿಟ್ಟು.